ಮುಟ್ಟದೆ ನೋಡುವ ವಿದ್ಯೆ: ಅಂತರಜಾಲದ ಸಂಚಾರವೂ ನಮ್ಮ ಸಂಶಯವೂ

ಮನೆಗೆ ಬರುವ ನೀರನ್ನು ಅಳೆಯಲು ಮೀಟರುಂಟು. ವಿದ್ಯುತ್ತನ್ನು ಅಳೆಯಲು ಮೀಟರುಂಟು. ತಿಂಗಳ ಕೊನೆಗೆ ಬಿಲ್ಲು ಹೆಚ್ಚಾಗಿ ಬಂದರೆ ಯಾವ ನಲ್ಲಿ ಸೋರುತ್ತಿದೆ, ಯಾವ ದೀಪ ಹಗಲಿನಲ್ಲಿಯೂ ಉರಿಯುತ್ತಿದೆ ಎಂದು ಮನೆಯ ಹಿರಿಯರು ಸುತ್ತಾಡಿ ನೋಡುತ್ತಾರೆ. ಆದರೆ ಪಟ್ಟಣ, ಹಳ್ಳಿ ಎನ್ನದೆ ಮನೆಮನೆಗೂ ಬಂದು ಸೇರಿರುವ ಅಂತರಜಾಲದ ವಿಷಯದಲ್ಲಿ ಹೀಗೆ ನೋಡಿ ತಿಳಿಯುವ ಬಗೆ ಬಹುಮಂದಿಗೆ ಗೊತ್ತಿಲ್ಲ. ಅದು ಕಣ್ಣಿಗೆ ಕಾಣದ ಹರಿವು. ಕಾಣದ ಕಡೆಯಲ್ಲಿ ಸಂಶಯಕ್ಕೆ ಎಡೆ ಹೆಚ್ಚು. ಆ ಸಂಶಯವು ಮೊದಲು ಬೀಳುವುದು ಮನೆಯಲ್ಲಿ ಎಲ್ಲರಿಗಿಂತ ಕಿರಿಯರ ಮೇಲೆ, ಇಲ್ಲವೆ ಎಲ್ಲರಿಗಿಂತ ಬಡವರ ಮೇಲೆ. ಈ ಮಾತನ್ನು ನಾವು ಪುಸ್ತಕ ನೋಡಿ ಬರೆಯುತ್ತಿಲ್ಲ. ನಮ್ಮಿಂದಲೇ ಆದ ತಪ್ಪೊಂದನ್ನು ನೆನೆದು ಬರೆಯುತ್ತಿದ್ದೇವೆ.

ಮೂರು ವರ್ಷಗಳ ಹಿಂದಿನ ಮಾತು. ನಾವು ಆಡಳಿತ ಸಮಿತಿಯಲ್ಲಿರುವ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಅಂತರಜಾಲದ ಸಂಪರ್ಕವು ಪದೇ ಪದೇ ನಿಂತುಹೋಗತೊಡಗಿತು. ತಿಂಗಳಿಗೆಂದು ಹಣ ಕಟ್ಟಿ ಪಡೆದ ಪ್ರಮಾಣವು ಇಪ್ಪತ್ತನೆಯ ತಾರೀಖಿಗೂ ಮೊದಲೇ ತೀರಿಹೋಗುತ್ತಿತ್ತು. ಹುಡುಗರು ರಾತ್ರಿ ಬೇಡದ ಚಿತ್ರಗಳನ್ನು ನೋಡುತ್ತಿರಬೇಕೆಂದು ಸಮಿತಿಯವರು ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡರು. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದ, ತಂದೆಯಿಲ್ಲದ ಒಬ್ಬ ಹುಡುಗನು ಯಾರೋ ದಾನವಾಗಿ ಕೊಟ್ಟ ಹಳೆಯ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು ನಡುರಾತ್ರಿಯವರೆಗೆ ಎಚ್ಚರವಾಗಿರುವುದನ್ನು ಕಾವಲುಗಾರನು ಕಂಡಿದ್ದನು. ಅಷ್ಟೇ ಸಾಕಾಯಿತು. ವಾರದೊಳಗೆ ನಿಲಯವನ್ನು ಬಿಡಬೇಕೆಂದು ಅವನ ಮನೆಗೆ ಪತ್ರ ಹೋಯಿತು. ಆ ಪತ್ರಕ್ಕೆ ನಾವೂ ಸಹಿ ಹಾಕಿದ್ದೆವು.

ಅವನ ತಾಯಿ ಊರಿನಿಂದ ಬಂದು ಬಾಗಿಲಲ್ಲಿ ನಿಂತು, “ಗುರುಗಳ, ನನ್ನ ಮಗ ಏನು ಮಾಡ್ಯಾನ್ರಿ?” ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅವನು ಏನು ಮಾಡಿದ್ದಾನೆಂಬುದು ನಿಜವಾಗಿ ನಮಗೆ ಗೊತ್ತಿರಲಿಲ್ಲ. ಹಾಗಿದ್ದರೆ ಗೊತ್ತುಮಾಡಿಕೊಳ್ಳುವ ದಾರಿ ಯಾವುದು? ಈ ಪ್ರಶ್ನೆಯೇ ಪ್ರಕೃತ ಲೇಖನಕ್ಕೆ ಕಾರಣವಾಯಿತು. ಆ ಹುಡುಗನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ. ಅದಕ್ಕೂ ಮೊದಲು ಈ ವಿದ್ಯೆಯ ಪರಿಚಯವನ್ನು ಓದುಗರು ಮಾಡಿಕೊಳ್ಳುವುದು ಲೇಸು.

ಲಕೋಟೆಯೂ ಪತ್ರವೂ

ಅಂತರಜಾಲದಲ್ಲಿ ಯಾವುದೇ ವಿಷಯವು ಇಡಿಯಾಗಿ ಸಾಗುವುದಿಲ್ಲ. ಮಗಳು ಪರದೇಶದಿಂದ ಕಳಿಸಿದ ಭಾವಚಿತ್ರವಾಗಲಿ, ಬ್ಯಾಂಕಿನ ಲೆಕ್ಕವಾಗಲಿ, ಪ್ರವಚನದ ಧ್ವನಿಯಾಗಲಿ ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಹೊರಡುತ್ತದೆ. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಸಾಮಾನ್ಯವಾಗಿ ಒಂದೊಂದರ ಗಾತ್ರ ೧,೫೦೦ ಬೈಟುಗಳನ್ನು ಮೀರುವುದಿಲ್ಲ. ಪ್ರತಿಯೊಂದು ಪ್ಯಾಕೆಟ್ಟಿಗೂ ಎರಡು ಭಾಗ. ಮೊದಲನೆಯದು ಅಂಚೆಯ ಲಕೋಟೆಯಿದ್ದಂತೆ. ಅದರ ಮೇಲೆ ಕಳಿಸಿದವರ ವಿಳಾಸ, ಸೇರಬೇಕಾದವರ ವಿಳಾಸ, ಯಾವ ಬಗೆಯ ಸೇವೆಗೆ ಸೇರಿದ್ದೆಂಬ ಸಂಖ್ಯೆ ಇವೆಲ್ಲ ಇರುತ್ತವೆ. ಎರಡನೆಯದು ಲಕೋಟೆಯೊಳಗಿನ ಪತ್ರ.

ಈ ಹರಿವನ್ನು ಅರಿಯಲು ಎರಡು ಮಾರ್ಗಗಳಿವೆ. ಒಂದು, ನಾವೇ ಒಂದು ಪ್ರಶ್ನೆಯನ್ನು ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ನೋಡುವುದು. ಬಾವಿಯ ಆಳ ತಿಳಿಯಲು ಕಲ್ಲೆಸೆದು ಸಪ್ಪಳಕ್ಕೆ ಕಿವಿಗೊಟ್ಟಂತೆ ಇದು. ಇನ್ನೊಂದು, ತಾನು ಏನನ್ನೂ ಕಳಿಸದೆ, ಯಾವುದನ್ನೂ ತಡೆಯದೆ, ಹರಿಯುವುದನ್ನು ಹರಿಯಗೊಟ್ಟು ಸುಮ್ಮನೆ ನೋಡುವುದು. ಊರ ಸೇತುವೆಯ ಪಕ್ಕದಲ್ಲಿ ಕುಳಿತು ಎಷ್ಟು ಚಕ್ಕಡಿ ಹೋದವು, ಎಷ್ಟು ಲಾರಿ ಬಂದವು ಎಂದು ವಹಿಯಲ್ಲಿ ಗೀಟು ಹಾಕಿಕೊಳ್ಳುವವನ ಕೆಲಸವಿದು. ಚಕ್ಕಡಿಯವನಿಗೆ ತನ್ನನ್ನು ಯಾರೋ ಎಣಿಸಿದರೆಂಬುದೇ ತಿಳಿಯುವುದಿಲ್ಲ. ಈ ಎರಡನೆಯ ಮಾರ್ಗದ ತಂತ್ರಾಂಶಗಳೇ ನಮ್ಮ ಇಂದಿನ ವಿಷಯ.

ಇದು ಸಾಧ್ಯವಾಗುವ ಬಗೆ ಸರಳವಾದುದು. ಗಣಕಯಂತ್ರದ ಜಾಲದ ಕಾರ್ಡು ಸಾಮಾನ್ಯವಾಗಿ ತನ್ನ ವಿಳಾಸಕ್ಕೆ ಬಂದುದನ್ನು ಮಾತ್ರ ಒಳಗೆ ತೆಗೆದುಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ತಂತ್ರಾಂಶವು ಆಜ್ಞೆ ಮಾಡಿದರೆ ಅದು ಎದುರಿಗೆ ಬಂದ ಎಲ್ಲವನ್ನೂ ಸ್ವೀಕರಿಸುತ್ತದೆ. ಇಂದಿನ ಸ್ವಿಚ್‌ಗಳು ಆಯಾ ಗಣಕಕ್ಕೆ ಬೇಕಾದುದನ್ನು ಆಯಾ ತಂತಿಗೇ ಕಳಿಸುವುದರಿಂದ, ಎಲ್ಲದರ ನಕಲನ್ನು ಒಂದು ಕಿಂಡಿಗೆ ಕೊಡು ಎಂದು ಸ್ವಿಚ್ಚಿಗೇ ಹೇಳಬೇಕಾಗುತ್ತದೆ. ದೊಡ್ಡ ಕೇಂದ್ರಗಳಲ್ಲಿ ಗಾಜಿನ ಎಳೆಯಲ್ಲಿ ಹರಿಯುವ ಬೆಳಕನ್ನೇ ಸೀಳಿ, ಒಂದು ಪಾಲನ್ನು ದಾರಿಗೆ ಬಿಟ್ಟು ಇನ್ನೊಂದು ಪಾಲನ್ನು ನೋಡುವ ಯಂತ್ರಕ್ಕೆ ಒಯ್ಯುತ್ತಾರೆ.

ಬರ್ಕ್ಲಿಯ ಎರಡು ಪ್ರಸಂಗಗಳು

ಈ ವಿದ್ಯೆಯು ಬೆಳೆದುದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಬರ್ಕ್ಲಿಯಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ. ೧೯೮೬ರಲ್ಲಿ ಅಲ್ಲಿ ನಡೆದ ಎರಡು ಪ್ರಸಂಗಗಳು ತಿಳಿಯತಕ್ಕವು.

ಆ ವರ್ಷ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳಶಾಸ್ತ್ರಜ್ಞನು ಅಲ್ಲಿನ ಗಣಕಗಳ ಉಸ್ತುವಾರಿಗೆ ಬಂದನು. ಗಣಕದ ಬಳಕೆಯ ಲೆಕ್ಕದಲ್ಲಿ ೭೫ ಸೆಂಟುಗಳ ವ್ಯತ್ಯಾಸವಿತ್ತು. ಬೇರೆಯವರಾದರೆ ಜೇಬಿನಿಂದ ಕೊಟ್ಟು ಮುಗಿಸುತ್ತಿದ್ದರೇನೋ. ಸ್ಟೋಲ್ ಬಿಡಲಿಲ್ಲ. ಯಾರೋ ಅಪರಿಚಿತನು ಗಣಕದೊಳಗೆ ನುಸುಳಿ ಬರುತ್ತಿರುವುದು ಕಂಡುಬಂತು. ಅವನನ್ನು ಒಡನೆ ಹೊರಗಟ್ಟಿದ್ದರೆ ಅವನು ಬೇರೊಂದು ದಾರಿಯಿಂದ ಬರುತ್ತಿದ್ದನು. ಅದೇ ಗಣಕದೊಳಗೆ ಕಾವಲಿಟ್ಟಿದ್ದರೆ ಕಳ್ಳನಿಗೂ ಅದು ಕಾಣುತ್ತಿತ್ತು. ಆದುದರಿಂದ ಸ್ಟೋಲ್ ಹೊರಗಿನಿಂದ ಬರುವ ತಂತಿಗಳಿಗೇ ಮುದ್ರಣಯಂತ್ರಗಳನ್ನು ಜೋಡಿಸಿ, ಹಾದುಹೋಗುವ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡುವಂತೆ ಮಾಡಿದನು. ಅಪರಿಚಿತನು ಸುಮಾರು ೪೫೦ ಗಣಕಗಳ ಬಾಗಿಲು ತಟ್ಟಿ ೩೦ಕ್ಕೂ ಹೆಚ್ಚು ಕಡೆ ಒಳಹೊಕ್ಕಿದ್ದನು. ಅವುಗಳಲ್ಲಿ ಸೈನ್ಯಕ್ಕೆ ಸೇರಿದವೂ ಇದ್ದವು. ಕೊನೆಗೆ ದಾರಿಯು ಜರ್ಮನಿಯ ಹ್ಯಾನೋವರ್ ನಗರಕ್ಕೆ ಮುಟ್ಟಿತು. ಮಾರ್ಕಸ್ ಹೆಸ್ ಎಂಬವನು ಕದ್ದ ವಿಷಯಗಳನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ ಗುಂಪಿನವನೆಂದು ತಿಳಿಯಿತು. ೧೯೯೦ರಲ್ಲಿ ಅಲ್ಲಿನ ನ್ಯಾಯಾಲಯವು ಅವನನ್ನೂ ಜೊತೆಗಾರರನ್ನೂ ಅಪರಾಧಿಗಳೆಂದು ಸಾರಿತು. ಮುಟ್ಟದೆ ನೋಡುವ ತಾಳ್ಮೆಯಿಂದ ಆದ ಕಾರ್ಯವಿದು.

ಎರಡನೆಯ ಪ್ರಸಂಗವೂ ಅದೇ ವರ್ಷದ ಅಕ್ಟೋಬರಿನದು. ಪ್ರಯೋಗಾಲಯಕ್ಕೂ ಪಕ್ಕದ ವಿಶ್ವವಿದ್ಯಾಲಯಕ್ಕೂ ನಡುವೆ ೪೦೦ ಗಜಗಳ ಅಂತರ. ಅಷ್ಟು ಹತ್ತಿರದ ಸಂಪರ್ಕದ ವೇಗವು ಸೆಕೆಂಡಿಗೆ ೩೨,೦೦೦ ಬಿಟ್‌ಗಳಿಂದ ೪೦ ಬಿಟ್‌ಗಳಿಗೆ ಕುಸಿದುಬಿಟ್ಟಿತು. ನಲವತ್ತು ಬಿಟ್ ಎಂದರೆ ಸೆಕೆಂಡಿಗೆ ಐದೇ ರೋಮನ್ ಅಕ್ಷರಗಳು. ಬರೆದಿಟ್ಟ ಹಲವು ಪುಟಗಳನ್ನು ಕೈಯಲ್ಲಿ ಹಿಡಿದು ನಡೆದುಹೋಗಿ ಕೊಟ್ಟರೆ ಅದಕ್ಕಿಂತ ಬೇಗ ಮುಟ್ಟುತ್ತಿತ್ತು. ವ್ಯಾನ್ ಜಾಕೋಬ್‌ಸನ್ ಮೊದಲಾದವರು ಇದರ ಕಾರಣವನ್ನು ಹುಡುಕಿದರು. ಉತ್ತರ ತಡವಾದಾಗ ಪ್ರತಿಯೊಂದು ಗಣಕವೂ ತಾಳ್ಮೆಗೆಟ್ಟು ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಿತ್ತು. ಆಗಲೇ ಕಿಕ್ಕಿರಿದ ದಾರಿಯು ಇದರಿಂದ ಇನ್ನಷ್ಟು ಕಿಕ್ಕಿರಿಯುತ್ತಿತ್ತು. ಜಾತ್ರೆಯ ಇಕ್ಕಟ್ಟಿನ ಓಣಿಯಲ್ಲಿ ಎಲ್ಲರೂ ಒಮ್ಮೆಲೇ ಮುನ್ನುಗ್ಗಿದರೆ ಯಾರೂ ಮುಂದೆ ಹೋಗಲಾರರಷ್ಟೆ. ದಾರಿ ತುಂಬಿದಾಗ ಪ್ರತಿಯೊಬ್ಬರೂ ತಾವಾಗಿ ನಿಧಾನಿಸಬೇಕೆಂಬ ನಿಯಮವನ್ನು ಜಾಕೋಬ್‌ಸನ್ ೧೯೮೮ರಲ್ಲಿ ಪ್ರಕಟಿಸಿದನು. ಇಂದಿಗೂ ಅಂತರಜಾಲವು ನಿಂತುಹೋಗದೆ ನಡೆಯುತ್ತಿರುವುದು ಅಂತಹ ನಿಯಮದ ಬಲದಿಂದ.

ಹೀಗೆ ಪ್ಯಾಕೆಟ್ಟುಗಳ ನಡೆಯನ್ನು ಕಣ್ಣಾರೆ ಕಾಣಲು ಆ ಪ್ರಯೋಗಾಲಯದಲ್ಲಿ ಜಾಕೋಬ್‌ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕೇನ್ ಮೊದಲಾದವರು ಟಿಸಿಪಿಡಂಪ್ ಎಂಬ ತಂತ್ರಾಂಶವನ್ನು ರಚಿಸಿದರು. ಹಾದುಹೋಗುವ ಒಂದೊಂದು ಪ್ಯಾಕೆಟ್ಟಿಗೂ ಒಂದೊಂದು ಸಾಲು ಬರೆಯುವುದು ಇದರ ಕೆಲಸ. ಬಂದ ಎಲ್ಲವನ್ನೂ ಎತ್ತಿಕೊಂಡು ಆಮೇಲೆ ಆರಿಸಹೊರಟರೆ ಗಣಕ ಬಳಲುತ್ತದೆ. ಆದ್ದರಿಂದ ಬೇಕಾದುದನ್ನು ಬಾಗಿಲಲ್ಲಿಯೇ ಸೋಸುವ ಜರಡಿಯೊಂದನ್ನು ಮೆಕೇನ್ ಮತ್ತು ಜಾಕೋಬ್‌ಸನ್ ರೂಪಿಸಿ ೧೯೯೩ರ ಆರಂಭದಲ್ಲಿ ವಿದ್ವಾಂಸರ ಮುಂದಿಟ್ಟರು. ಅನಂತರ ಕ್ಯಾನ್ಸಸ್ ಸಿಟಿಯ ಜೆರಾಲ್ಡ್ ಕೋಂಬ್ಸ್ ಎಂಬವನು, ಮಾರುಕಟ್ಟೆಯ ತಂತ್ರಾಂಶಗಳ ಬೆಲೆ ತನ್ನ ಚಿಕ್ಕ ಸಂಸ್ಥೆಗೆ ಎಟುಕದಿರಲು, ತಾನೇ ಒಂದನ್ನು ಬರೆದು ೧೯೯೮ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟನು. ಇಥೀರಿಯಲ್ ಎಂದಿದ್ದ ಅದರ ಹೆಸರು ೨೦೦೬ರಲ್ಲಿ ವೈರ್‌ಶಾರ್ಕ್ ಎಂದಾಯಿತು. ಇದು ಪ್ಯಾಕೆಟ್ಟಿನ ಪದರಗಳನ್ನು ಈರುಳ್ಳಿಯಂತೆ ಬಿಡಿಸಿ ಬಣ್ಣ ಬಣ್ಣದ ಸಾಲುಗಳಲ್ಲಿ ತೋರಿಸುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಇದರ ಒಳರಚನೆಯೂ ಎಲ್ಲರಿಗೂ ತೆರೆದಿದೆ. ಬಡ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಕಂಪನಿಯ ಇಂಜಿನಿಯರನಿಗೂ ಒಂದೇ ಉಪಕರಣ.

ಓದದೆ ಎಣಿಸುವುದು

ಒಂದೊಂದು ಪ್ಯಾಕೆಟ್ಟನ್ನು ಬಿಡಿಸಿ ನೋಡುವುದು ಚಿಕ್ಕ ಜಾಲದಲ್ಲಿ ಆಗಬಹುದಾದ ಮಾತು. ದೊಡ್ಡ ಜಾಲಗಳಲ್ಲಿ ಅದು ಆಗದು. ಎಷ್ಟೋ ಸಂದರ್ಭಗಳಲ್ಲಿ ಅದು ಬೇಕಾಗಿಯೂ ಇಲ್ಲ. ಸಿಸ್ಕೋ ಕಂಪನಿಯು ೧೯೯೬ರಲ್ಲಿ ನೆಟ್‌ಫ್ಲೋ ಎಂಬ ಕ್ರಮವನ್ನು ತಂದಿತು. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ, ಯಾವ ಸೇವೆಗೆ, ಎಷ್ಟು ಹೊತ್ತು, ಎಷ್ಟು ಪ್ರಮಾಣ ಹೋಯಿತು ಎಂಬ ಒಂದೇ ಸಾಲಿನ ಲೆಕ್ಕವನ್ನು ಇದು ಬರೆದಿಡುತ್ತದೆ. ಪತ್ರದ ಒಳಗನ್ನು ಇದು ನೋಡುವುದೇ ಇಲ್ಲ.

ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ಕೈಡಾ ಎಂಬ ಸಂಶೋಧನ ಕೇಂದ್ರವು ಈ ದಿಶೆಯಲ್ಲಿ ದೊಡ್ಡ ಕೆಲಸ ಮಾಡಿದೆ. ಗಾಜಿನ ಎಳೆಗಳ ಹರಿವನ್ನು ಸಂಗ್ರಹಿಸಿ ವಿಶ್ಲೇಷಿಸಲು ಕೋರಲ್‌ರೀಫ್ ಎಂಬ ತಂತ್ರಾಂಶಗಳ ಸಮೂಹವನ್ನು ಅದು ರಚಿಸಿತು. ಅಲ್ಲಿಯವರೇ ನಡೆಸಿದ ಇನ್ನೊಂದು ಪ್ರಯೋಗ ವಿಸ್ಮಯಕರವಾದುದು. ಯಾರೂ ವಾಸವಾಗಿರದ ಊರಿನಂತೆ, ಯಾವ ಗಣಕವೂ ಇಲ್ಲದ ವಿಳಾಸಗಳ ಒಂದು ದೊಡ್ಡ ಸಮೂಹವನ್ನು ಅವರು ಕಾದು ಕುಳಿತರು. ಅಲ್ಲಿಗೆ ಯಾರೂ ಪತ್ರ ಬರೆಯುವ ಕಾರಣವಿಲ್ಲ. ಆದರೂ ಬಂದರೆ ಅದು ದಾರಿ ತಪ್ಪಿದ್ದಿರಬೇಕು, ಇಲ್ಲವೆ ಕಳ್ಳನು ಕತ್ತಲಲ್ಲಿ ಎಲ್ಲ ಬಾಗಿಲುಗಳನ್ನೂ ತಟ್ಟುತ್ತ ಬಂದದ್ದಿರಬೇಕು.

೨೦೦೧ರ ಜುಲೈ ೧೯ರಂದು ಕೋಡ್ ರೆಡ್ ಎಂಬ ಗಣಕ ಹುಳವು ಹರಡಿದಾಗ ಈ ಖಾಲಿ ಬಯಲಿಗೆ ಬಿದ್ದ ಪ್ಯಾಕೆಟ್ಟುಗಳಿಂದಲೇ ಅದರ ವ್ಯಾಪ್ತಿ ತಿಳಿಯಿತು. ೧೪ ಗಂಟೆಗಳಿಗಿಂತ ಕಡಮೆ ಅವಧಿಯಲ್ಲಿ ೩,೫೯,೦೦೦ಕ್ಕೂ ಹೆಚ್ಚು ಗಣಕಗಳು ಅದಕ್ಕೆ ತುತ್ತಾಗಿದ್ದವು. ೨೦೦೩ರ ಜನವರಿ ೨೫ರಂದು ಬಂದ ಸ್ಲ್ಯಾಮರ್ ಇನ್ನೂ ಭಯಂಕರವಾದುದು. ಆರಂಭದಲ್ಲಿ ಪ್ರತಿ ಎಂಟೂವರೆ ಸೆಕೆಂಡಿಗೆ ಅದರ ಸಂಖ್ಯೆ ಇಮ್ಮಡಿಯಾಗುತ್ತಿತ್ತು. ಅದಕ್ಕೆ ಈಡಾಗಬಲ್ಲ ಗಣಕಗಳ ಪೈಕಿ ನೂರಕ್ಕೆ ೯೦ಕ್ಕೂ ಹೆಚ್ಚು ೧೦ ನಿಮಿಷಗಳಲ್ಲಿ ಬಲಿಯಾದವು. ಇದಕ್ಕೆ ಮದ್ದು ಆರು ತಿಂಗಳ ಹಿಂದೆಯೇ ಸಿದ್ಧವಾಗಿ ಪ್ರಕಟವಾಗಿತ್ತು, ಬಹುಮಂದಿ ಹಾಕಿಕೊಂಡಿರಲಿಲ್ಲ. ಮೊಬೈಲಿನಲ್ಲಿಯೋ ಗಣಕದಲ್ಲಿಯೋ ಪರಿಷ್ಕರಣೆಯ ಸೂಚನೆ ಬಂದಾಗ ನಾಳೆ ನೋಡೋಣವೆಂದು ತಳ್ಳುವವರು ಈ ಮಾತನ್ನು ನೆನಪಿಡಬೇಕು.

ಎರಡು ಅಲಗಿನ ಕತ್ತಿ

ನೋಡುವ ಕಣ್ಣು ಯಾರದೆಂಬುದರ ಮೇಲೆ ಈ ವಿದ್ಯೆಯ ಗುಣದೋಷ ನಿಂತಿದೆ. ಇದನ್ನು ಮೊದಲೇ ಅರಿತವರಲ್ಲಿ ವರ್ನ್ ಪ್ಯಾಕ್ಸನ್ ಒಬ್ಬನು. ೧೯೯೫ರಲ್ಲಿ ಇವನು ಬರ್ಕ್ಲಿಯ ಅದೇ ಪ್ರಯೋಗಾಲಯದಲ್ಲಿ ಆಕ್ರಮಣಗಳನ್ನು ಗುರುತಿಸುವ ತಂತ್ರಾಂಶವೊಂದನ್ನು ಬರೆಯತೊಡಗಿ, ಅದಕ್ಕೆ ಬ್ರೋ ಎಂದು ಹೆಸರಿಟ್ಟನು. ಜಾರ್ಜ್ ಆರ್ವೆಲ್ಲನ ಕಾದಂಬರಿಯಲ್ಲಿ ಪ್ರಜೆಗಳನ್ನು ಎಡೆಬಿಡದೆ ನೋಡುವ ‘ದೊಡ್ಡಣ್ಣ’ನ ನೆನಪು ಆ ಹೆಸರಿನಲ್ಲಿದೆ. ಕಾವಲಿನ ಜೊತೆಯಲ್ಲಿಯೇ ಅನ್ಯರ ಏಕಾಂತವನ್ನು ಕೆಡಿಸುವ ಸಾಧ್ಯತೆಯೂ ಬರುತ್ತದೆಂಬುದನ್ನು ತನಗೂ ಬಳಸುವವರಿಗೂ ಜ್ಞಾಪಿಸಲೆಂದೇ ಅವನು ಹಾಗೆ ಹೆಸರಿಸಿದನು. ೨೦೧೮ರಲ್ಲಿ ಆ ತಂತ್ರಾಂಶದ ಹೆಸರು ಜೀಕ್ ಎಂದು ಬದಲಾಯಿತು. ಹೆಸರು ಬದಲಾದರೂ ಎಚ್ಚರಿಕೆ ಹಳತಾಗಿಲ್ಲ.

೨೦೦೬ರಲ್ಲಿ ಮಾರ್ಕ್ ಕ್ಲೈನ್ ಎಂಬ ನಿವೃತ್ತ ದೂರವಾಣಿ ತಂತ್ರಜ್ಞನು, ಸ್ಯಾನ್ ಫ್ರಾನ್ಸಿಸ್ಕೋದ ಎ.ಟಿ. ಅಂಡ್ ಟಿ. ಕಟ್ಟಡದ ೬೪೧ಎ ಸಂಖ್ಯೆಯ ಕೋಣೆಗೆ ಗಾಜಿನ ಎಳೆಗಳ ಬೆಳಕನ್ನು ಸೀಳಿ ಒಯ್ಯುತ್ತಿದ್ದುದನ್ನು ಹೊರಗೆಡವಿದನು. ೨೦೧೩ರಲ್ಲಿ ಎಡ್ವರ್ಡ್ ಸ್ನೋಡನ್ ಬಯಲುಮಾಡಿದ ಕಡತಗಳಿಂದ ಇಂತಹ ಸಾಮೂಹಿಕ ವೀಕ್ಷಣೆ ಎಷ್ಟು ವಿಸ್ತಾರವಾಗಿದೆಯೆಂದು ಜಗತ್ತಿಗೆ ಗೊತ್ತಾಯಿತು. ಅಂತರಜಾಲದ ನಿಯಮಗಳನ್ನು ರೂಪಿಸುವ ತಜ್ಞರ ಮಂಡಲಿಯು ೨೦೧೪ರ ಮೇ ತಿಂಗಳಲ್ಲಿ, ಎಲ್ಲರನ್ನೂ ಎಲ್ಲ ಕಡೆಯೂ ನೋಡುವುದು ಜಾಲದ ಮೇಲಿನ ಆಕ್ರಮಣವೇ ಸರಿ ಎಂದು ಲಿಖಿತವಾಗಿ ಸಾರಿತು.

ಇದಕ್ಕೆ ಪರಿಹಾರವಾಗಿ ಬಂದುದು ಗೂಢಲಿಪಿ. ಮೊದಲು ಅಂಚೆಕಾರ್ಡಿನಂತೆ ತೆರೆದೇ ಸಾಗುತ್ತಿದ್ದ ಪತ್ರಗಳು ಈಗ ಬಹುಮಟ್ಟಿಗೆ ಅರಗಿನ ಮುದ್ರೆ ಹಾಕಿದ ಲಕೋಟೆಯಲ್ಲಿ ಸಾಗುತ್ತವೆ. ಬ್ರೌಸರಿನಲ್ಲಿ ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದಿದ್ದರೆ ಅದು ಈ ಮುದ್ರೆಯ ಗುರುತು. ಹೀಗಾಗಿ ಇಂದು ದಾರಿಯಲ್ಲಿ ಕುಳಿತು ನೋಡುವವನಿಗೆ ನಮ್ಮ ಮಾತು, ಗುಪ್ತಪದ, ಬ್ಯಾಂಕಿನ ಲೆಕ್ಕ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಯಾವ ತಾಣದ ಕಡೆ ಹೋದೆವು, ಯಾವ ಹೊತ್ತಿನಲ್ಲಿ, ಎಷ್ಟು ಸಮಯ, ಎಷ್ಟು ಪ್ರಮಾಣ ಎಂಬುದು ಬಹಳ ಮಟ್ಟಿಗೆ ಕಾಣುತ್ತದೆ. ಒಬ್ಬಳು ಹೆಣ್ಣುಮಗಳು ನಡುರಾತ್ರಿ ಪದೇ ಪದೇ ಆಸ್ಪತ್ರೆಯ ತಾಣವನ್ನು ತೆರೆದಳೆಂದರೆ ಪತ್ರ ಓದದೆಯೂ ಊಹಿಸುವವರು ಊಹಿಸಿಯಾರು. ಲಕೋಟೆಯ ಮೇಲಿನ ಬರಹವೂ ಎಷ್ಟೋ ಸಲ ಪತ್ರದಷ್ಟೇ ಮಾತನಾಡುತ್ತದೆ.

ನಮ್ಮ ದೇಶದ ಕಾನೂನಿನಲ್ಲಿಯೂ ಈ ವಿಷಯಕ್ಕೆ ಸ್ಥಾನವಿದೆ. ೧೯೯೬ರಲ್ಲಿ ಸುಪ್ರೀಂ ಕೋರ್ಟು ದೂರವಾಣಿಯನ್ನು ಕದ್ದು ಕೇಳುವುದಕ್ಕೆ ಕಟ್ಟುಪಾಡುಗಳನ್ನು ವಿಧಿಸಿತು. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ ಮತ್ತು ೬೯ಬಿ ಕಲಮುಗಳು ಸರ್ಕಾರಕ್ಕೆ ವೀಕ್ಷಣೆಯ ಅಧಿಕಾರವನ್ನು ಕೊಟ್ಟಿವೆ. ಅದಕ್ಕೆ ನಿಯಮಗಳೂ ಇವೆ. ಪರರ ಜಾಲದೊಳಗೆ ಅನುಮತಿಯಿಲ್ಲದೆ ಹೊಕ್ಕು ಮಾಹಿತಿಯನ್ನು ತೆಗೆಯುವುದು ಅದೇ ಕಾಯಿದೆಯಂತೆ ತಪ್ಪು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಏಕಾಂತವು ಪ್ರತಿಯೊಬ್ಬ ವ್ಯಕ್ತಿಯ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ನಮ್ಮ ನಾಡಿನ ಹಿರಿಯರೊಬ್ಬರ ಹೆಸರು ಈ ತೀರ್ಪಿನೊಡನೆ ಉಳಿದಿರುವುದು ನಮಗೆ ಅಭಿಮಾನದ ಸಂಗತಿ.

ವಿದ್ಯಾರ್ಥಿನಿಲಯದಲ್ಲಿ ಕಂಡದ್ದು

ಈಗ ಆ ಹುಡುಗನ ವಿಷಯ. ತಾಯಿಯ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ನಮ್ಮ ಹಳೆಯ ಸ್ನೇಹಿತರ ಮಗಳೊಬ್ಬಳು ಬೆಂಗಳೂರಿನಲ್ಲಿ ಜಾಲಗಳ ಕೆಲಸ ಮಾಡುತ್ತಾಳೆ. ಜಾತ್ರೆಗೆಂದು ಊರಿಗೆ ಬಂದಿದ್ದ ಅವಳನ್ನು ಕರೆಸಿಕೊಂಡೆವು. “ಯಾರು ಏನು ನೋಡ್ತಾರಂತ ನಾ ಹೇಳೂದಿಲ್ರಿ ಗುರುಗಳ. ಎಷ್ಟು ಹೊಂಟೈತಿ, ಎಲ್ಲಿಂದ ಹೊಂಟೈತಿ ಅಷ್ಟ ಹೇಳ್ತೀನಿ” ಎಂದು ಮೊದಲೇ ಕರಾರು ಹಾಕಿದಳು. ಸಮಿತಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದಳು. ಹುಡುಗರನ್ನೂ ಸೇರಿಸಿ, ಇಂದು ರಾತ್ರಿ ಲೆಕ್ಕ ನಡೆಯುತ್ತದೆಂದು ತಿಳಿಸಿದಳು.

ತಾನು ತಂದಿದ್ದ ಚಿಕ್ಕ ಸ್ವಿಚ್ಚೊಂದನ್ನು ರೌಟರಿನ ಬಳಿ ಜೋಡಿಸಿ, ಹರಿವಿನ ನಕಲು ತನ್ನ ಲ್ಯಾಪ್‌ಟಾಪಿಗೆ ಬರುವಂತೆ ಮಾಡಿದಳು. ಪ್ರತಿ ಪ್ಯಾಕೆಟ್ಟಿನ ಮೊದಲ ಕೆಲವು ಬೈಟುಗಳನ್ನು, ಎಂದರೆ ಲಕೋಟೆಯನ್ನು ಮಾತ್ರ ಉಳಿಸಿಕೊಂಡು ಪತ್ರವನ್ನು ಬಿಟ್ಟುಬಿಡುವಂತೆ ತಂತ್ರಾಂಶಕ್ಕೆ ಆಜ್ಞೆ ಮಾಡಿದಳು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಲೆಕ್ಕ ನಡೆಯಿತು. ಬೆಳಿಗ್ಗೆ ನಾವು ಹೋದಾಗ ಅವಳು ಪರದೆಯ ಮೇಲೆ ಒಂದು ಸಾಲನ್ನು ತೋರಿಸಿ ಹೇಳಿದಳು: “ಕದ್ದವ್ರು ಹುಡುಗ್ರಲ್ರಿ ಗುರುಗಳ. ಕಾಯಾಕಂತ ಇಟ್ಟದ್ದ ಕದ್ದೈತ್ರಿ.”

ಆ ರಾತ್ರಿ ನಿಲಯದಿಂದ ಹೊರಗೆ ಹೋದುದರಲ್ಲಿ ಬಹುಪಾಲು ಒಂದೇ ಉಪಕರಣದಿಂದ ಹೊರಟಿತ್ತು. ಅದು ಹುಡುಗರ ಮೇಲೆ ಕಣ್ಣಿಡಲೆಂದು ಹಿಂದಿನ ವರ್ಷ ನಾವೇ ಹಾಕಿಸಿದ್ದ ಕ್ಯಾಮೆರಾಗಳ ಚಿತ್ರಗಳನ್ನು ಶೇಖರಿಸುವ ಪೆಟ್ಟಿಗೆ. ಸಮಿತಿಯವರು ಮನೆಯಿಂದಲೇ ಮೊಬೈಲಿನಲ್ಲಿ ನೋಡುವುದಕ್ಕಾಗಿ ಹೊರಗಿನಿಂದ ಅದಕ್ಕೊಂದು ದಾರಿ ತೆರೆದಿಟ್ಟಿದ್ದರು. ಕಾರ್ಖಾನೆಯಿಂದ ಬಂದಾಗಿನ ಗುಪ್ತಪದವನ್ನು ಯಾರೂ ಬದಲಿಸಿರಲಿಲ್ಲ. ಆ ತೆರೆದ ದಾರಿಯಲ್ಲಿ ಹುಳವೊಂದು ಒಳಹೊಕ್ಕು ಕುಳಿತಿತ್ತು. ಅದು ಎಡೆಬಿಡದೆ ಜಗತ್ತಿನ ಯಾವ ಯಾವುದೋ ವಿಳಾಸಗಳ ೨೩ನೆಯ ಸಂಖ್ಯೆಯ ಬಾಗಿಲನ್ನು ತಟ್ಟುತ್ತಿತ್ತು. ಸಾವಿರಾರು ತಟ್ಟುವಿಕೆಗಳ ಲೆಕ್ಕವಿಡಲಾರದೆ ನಮ್ಮ ಚಿಕ್ಕ ರೌಟರು ಬಸವಳಿಯುತ್ತಿತ್ತು. ರಾತ್ರಿ ಒಂದರ ಸುಮಾರಿಗೆ ಅದು ಯಾವುದೋ ಒಂದು ವಿಳಾಸದ ಮೇಲೆ ಮಳೆಗರೆದಂತೆ ಪ್ಯಾಕೆಟ್ಟುಗಳನ್ನು ಸುರಿಸಿತ್ತು. ನಾವು ಹಣ ಕಟ್ಟಿದ ಪ್ರಮಾಣವೆಲ್ಲ ಹೋಗುತ್ತಿದ್ದುದು ಹೀಗೆ. ಬೇಲಿಯೇ ಹೊಲ ಮೇಯ್ದ ಗಾದೆ ಅಕ್ಷರಶಃ ನಿಜವಾಗಿತ್ತು.

ಇಂತಹ ಹುಳ ಹೊಸದೇನಲ್ಲವೆಂದು ಅವಳು ತಿಳಿಸಿದಳು. ೨೦೧೬ರಲ್ಲಿ ಮಿರಾಯ್ ಎಂಬುದು ಸುಮಾರು ೬೦ ಸಾಮಾನ್ಯ ಗುಪ್ತಪದಗಳ ಪಟ್ಟಿಯೊಂದನ್ನೇ ಬಂಡವಾಳವಾಗಿಟ್ಟುಕೊಂಡು ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ ೨೧ರಂದು ಅಮೆರಿಕದಲ್ಲಿ ಅನೇಕ ದೊಡ್ಡ ತಾಣಗಳು ಗಂಟೆಗಟ್ಟಲೆ ತೆರೆಯದಂತಾದುದು ಅದರಿಂದಲೇ. ಉಪಕರಣವನ್ನು ಆರಿಸಿ ಹಚ್ಚಿದರೆ ಆ ಹುಳ ಅಳಿಯುತ್ತದೆ. ಆದರೆ ಗುಪ್ತಪದವನ್ನು ಬದಲಿಸದಿದ್ದರೆ ಬೇಗನೆ ಮತ್ತೆ ಬಂದು ಸೇರಿಕೊಳ್ಳುತ್ತದೆ.

ಇಷ್ಟಾದ ಮೇಲೆ ಸಮಿತಿಯ ಹಿರಿಯರೊಬ್ಬರು, “ಅದಿರಲಿ ತಂಗಿ, ಆ ಹುಡುಗ ರಾತ್ರಿ ಏನು ನೋಡುತ್ತಿದ್ದ ಎಂಬುದು ಇದರಲ್ಲಿ ಬಂದಿರಬೇಕಲ್ಲ?” ಎಂದು ಕೇಳಿದರು. ಅವಳು ಲ್ಯಾಪ್‌ಟಾಪನ್ನು ಮುಚ್ಚಿದಳು. “ಅವನ ಪಾಲು ಬಹಳ ಸಣ್ಣದೈತ್ರಿ. ಅದಕ್ಕಿಂತ ಹೆಚ್ಚಿಗಿ ಕೇಳಬ್ಯಾಡ್ರಿ” ಎಂದಳು. ಶಾಸ್ತ್ರಗಳನ್ನು ಓದಿ ಕೂದಲು ನರೆತ ನಮಗೆ ಆ ಮಗಳ ಮುಂದೆ ತಲೆ ತಗ್ಗಿತು.

ಹುಡುಗನ ತಾಯಿಯನ್ನು ಮತ್ತೆ ಕರೆಸಿದೆವು. ಎಲ್ಲ ಹುಡುಗರ ಎದುರಿಗೆ, “ತಮ್ಮಾ, ತಪ್ಪು ನಮ್ಮದು” ಎಂದು ಹೇಳಿ ಪತ್ರವನ್ನು ಹಿಂತೆಗೆದುಕೊಂಡೆವು. ಅವನು ಏನೂ ಮಾತನಾಡಲಿಲ್ಲ. ಅವನು ರಾತ್ರಿ ಏನು ಮಾಡುತ್ತಿದ್ದನೆಂದು ನಾವು ಇಂದಿಗೂ ಕೇಳಿಲ್ಲ. ಅವನು ನಿಲಯದಲ್ಲಿಯೇ ಉಳಿದು ಆ ವರ್ಷದ ಪರೀಕ್ಷೆಯನ್ನು ಮುಗಿಸಿಕೊಂಡು ಹೋದನು. ಹೋಗುವಾಗ ನಮ್ಮ ಬಳಿಗೆ ಬಂದು ನಮಸ್ಕರಿಸಿದನು. ಆದರೆ ಮೊದಲಿನಂತೆ ಮುಖವೆತ್ತಿ ನಗಲಿಲ್ಲ. ಹುಳವನ್ನು ಒಂದು ದಿನದಲ್ಲಿ ತೆಗೆಯಬಹುದು. ಸಂಶಯದಿಂದ ಆದ ಗಾಯಕ್ಕೆ ಅಂತಹ ಸುಲಭದ ಮದ್ದು ಇಲ್ಲ.

ಮನೆಯವರಿಗೆ ನಮ್ಮ ಅರಿಕೆ

ಆ ಮೇಲಿನ ಸಭೆಯಲ್ಲಿ, ಉಪಕರಣ ಇಷ್ಟು ಸುಲಭವಾಗಿ ಸಿಗುವುದಾದರೆ ಹುಡುಗರು ನೋಡುವುದನ್ನೆಲ್ಲ ಬರೆದಿಡೋಣವೆಂಬ ಸಲಹೆಯೂ ಬಂತು. ಬಹಳ ಹೊತ್ತು ಚರ್ಚೆಯಾಯಿತು. ಮಕ್ಕಳು ದಾರಿ ತಪ್ಪಬಾರದೆಂಬ ಕಳಕಳಿ ಸಣ್ಣದಲ್ಲ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಗುಟ್ಟಾಗಿ ನೋಡುವವನು ಮಕ್ಕಳಿಗೆ ಗುಟ್ಟನ್ನೇ ಕಲಿಸುತ್ತಾನೆ. ಕೊನೆಗೆ ಸಮಿತಿಯು ಹೀಗೆ ತೀರ್ಮಾನಿಸಿತು: ಯಾವ ಉಪಕರಣ ಎಷ್ಟು ಪ್ರಮಾಣ ಬಳಸಿತೆಂಬ ಲೆಕ್ಕ ಮಾತ್ರ ಇರಬೇಕು, ಅದು ಏಳು ದಿನಕ್ಕಿಂತ ಹೆಚ್ಚು ಉಳಿಯಕೂಡದು, ಹಾಗೆ ಲೆಕ್ಕವಿರುವುದನ್ನು ಫಲಕದಲ್ಲಿ ಬರೆದು ಎಲ್ಲರಿಗೂ ತಿಳಿಸಬೇಕು. ಮೂರು ವರ್ಷಗಳಿಂದ ಹೀಗೆಯೇ ನಡೆದಿದೆ.

ಮನೆಯಲ್ಲಿ ವೈಫೈ ಇರುವವರು ಮಾಡಬೇಕಾದ ಕೆಲಸ ಕಠಿಣವಾದುದಲ್ಲ. ರೌಟರು ಮತ್ತು ಕ್ಯಾಮೆರಾಗಳ ಜೊತೆಗೆ ಬಂದ ಗುಪ್ತಪದವನ್ನು ಇಂದೇ ಬದಲಿಸಿರಿ. ಹೊರಗಿನಿಂದ ನೋಡಲು ದಾರಿ ತೆರೆದಿಟ್ಟಿದ್ದರೆ ಅದು ನಿಜವಾಗಿ ಬೇಕೇ ಎಂದು ಜೋಡಿಸಿದವರನ್ನು ಕೇಳಿ, ಬೇಡವಾದರೆ ಮುಚ್ಚಿಸಿರಿ. ಪರಿಷ್ಕರಣೆ ಬಂದಾಗ ಹಾಕಿಕೊಳ್ಳಿರಿ. ಪರಿಷ್ಕರಣೆ ಬರುವುದೇ ನಿಂತುಹೋದ ಹಳೆಯ ಉಪಕರಣವನ್ನು ಜಾಲದಿಂದ ತೆಗೆದುಬಿಡಿರಿ. ಎಷ್ಟೋ ರೌಟರುಗಳ ಒಳಪುಟದಲ್ಲಿ ಮನೆಗೆ ಸೇರಿಕೊಂಡಿರುವ ಉಪಕರಣಗಳ ಪಟ್ಟಿ ಇರುತ್ತದೆ. ತಿಂಗಳಿಗೊಮ್ಮೆ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅದನ್ನು ಓದಿರಿ. ಈ ವಿಷಯದಲ್ಲಿ ಅವರು ನಮಗಿಂತ ಬಲ್ಲವರು. ಕಲಿಸುವ ಸಂತೋಷ ಅವರಿಗೂ ದೊರೆಯಲಿ. ಮಕ್ಕಳ ಬಳಕೆಯ ಮೇಲೆ ಲೆಕ್ಕ ಇಡುವುದೇ ಆದರೆ ಅವರಿಗೆ ತಿಳಿಸಿ ಇಡಿರಿ.

ಅಂತರಜಾಲವು ಮಂದವಾದ ದಿನ, ಬಿಲ್ಲು ಏರಿದ ದಿನ, ಮೊದಲು ಉಪಕರಣವನ್ನು ನೋಡಿರಿ. ಆಮೇಲೆ ಮಕ್ಕಳ ಮುಖವನ್ನು ನೋಡಿರಿ. ನಾವು ಮಾಡಿದಂತೆ ಮೊದಲು ಪತ್ರಕ್ಕೆ ಸಹಿ ಹಾಕಬೇಡಿರಿ. ಓದುಗ ಬಂಧುಗಳಲ್ಲಿ ಇಷ್ಟೇ ನಮ್ಮ ಅರಿಕೆ.